ಕೆರೆಯದ್ದಾ, ಹಳ್ಳದ್ದಾ? ನೀರಿನ ಮೇಲೆ ಜಾರುವ ಹುಳುವನ್ನು ಗುರುತಿಸುವ ಬಗೆ

ಮೊದಲಿಗೆ ನನ್ನ ಪೆದ್ದತನವನ್ನೇ ಹೇಳಿಬಿಡುತ್ತೇನೆ. ತೀರ್ಥಹಳ್ಳಿ ಕಡೆ ನಮ್ಮ ಅತ್ತೆಯ ಮನೆ ಹಿಂದೆ ಒಂದು ಹಳ್ಳ ಇದೆ. ದೀಪಾವಳಿ ಹೊತ್ತಿಗೆ ನೀರು ತಿಳಿಯಾಗಿರುತ್ತದೆ, ಆದರೆ ಸೆಳೆತ ಇನ್ನೂ ಇಳಿದಿರುವುದಿಲ್ಲ. ಆ ಸೆಳೆತದ ಮೇಲೇ ನಾಲ್ಕೈದು ಹುಳುಗಳು ಉದ್ದ ಕಾಲು ಚಾಚಿಕೊಂಡು ನಿಂತಿದ್ದವು. ನೀರು ಓಡುತ್ತಿದೆ, ಅವು ಮಾತ್ರ ಇದ್ದಲ್ಲೇ ಇವೆ. ಫೋಟೋ ತೆಗೆದು ಫೋನಿನ ಆ್ಯಪ್‌ಗೆ ಕೊಟ್ಟೆ. ಅದು 'ಗೆರಿಸ್ ಲಕಸ್ಟ್ರಿಸ್' ಎಂದಿತು. ನಾನೂ ಹಾಗೇ ಬರೆದುಕೊಂಡೆ, ನಾಲ್ಕು ಜನಕ್ಕೆ ಜಂಬದಿಂದ ಹೇಳಿಯೂ ಬಿಟ್ಟೆ.

ಗೆರಿಸ್ ಲಕಸ್ಟ್ರಿಸ್ ಯುರೋಪಿನ ಮತ್ತು ಏಷ್ಯಾದ ತಣ್ಣನೆ ಸೀಮೆಯ ಹುಳು. ಇಂಗ್ಲೆಂಡಿನ ಕೊಳದಲ್ಲಿ ಸಿಗುತ್ತದೆ, ಮಲೆನಾಡಿನ ಹಳ್ಳದಲ್ಲಿ ಸಿಗುವುದಿಲ್ಲ. 'ಲಕಸ್ಟ್ರಿಸ್' ಎಂದರೇ ಕೆರೆಯದ್ದು ಎಂದರ್ಥ. ಹರಿಯುವ ನೀರಿನ ಹುಳುವಿಗೆ ನಾನು ಕೆರೆಯ ಹೆಸರಿಟ್ಟಿದ್ದೆ, ಅದೂ ಬೇರೆ ದೇಶದ ಕೆರೆಯದ್ದು.

ಅತ್ತೆ ಅವತ್ತು ಹಳ್ಳದ ದಂಡೆಯಲ್ಲಿ ನಿಂತು ಒಂದೇ ಮಾತು ಹೇಳಿದ್ದರು. "ಇದು ಬಾವೀಲಿರೋ ಹುಳ ಅಲ್ಲ ಮಾರಾಯ. ಇದು ಹಳ್ಳದ್ದು. ಬಾವೀದು ಸಣ್ಣದು, ಕರ್ರಗಿರುತ್ತೆ." ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಫೋನ್ ನೋಡುತ್ತಿದ್ದೆ.

ಆಮೇಲೆ ನಾಲ್ಕು ವರ್ಷ ಕೆರೆ, ಕಟ್ಟೆ, ಹಳ್ಳ, ಗದ್ದೆ ಅಂತ ಅಲೆದ ಮೇಲೆ ಅತ್ತೆಯ ದಾರಿಯೇ ಸರಿ ಎನಿಸಿದೆ. ಹುಳುವಿನ ಮಚ್ಚೆ ಎಣಿಸುವ ಮೊದಲು ಅದು ನಿಂತಿರುವ ನೀರನ್ನು ನೋಡಬೇಕು. ಯಾವ ನೀರು ಎಂದು ಗೊತ್ತಾದರೆ ಅರ್ಧ ಹೆಸರು ಸಿಕ್ಕ ಹಾಗೆ. ಕರ್ನಾಟಕದಲ್ಲಿ ಈ ಹುಳು ಕಂಡವರಿಗೆ 'ಇದಾ, ಅದಾ' ಎಂಬ ಗೊಂದಲ ಬಂದಾಗ ಹೇಗೆ ಒಂದನ್ನು ಆರಿಸುವುದು ಎಂದು ಇಲ್ಲಿ ಬರೆದಿದ್ದೇನೆ.

ಹೆಸರಿನ ಬಗ್ಗೆ ಒಂದು ಮಾತು. ಮಕ್ಕಳು ಇದನ್ನು ಸುಮ್ನೆ ನೀರುಜೇಡ ಎನ್ನುತ್ತಾರೆ. ಇದು ಜೇಡ ಅಲ್ಲ, ತಿಗಣೆಯ ನೆಂಟ. ಸೂಜಿಯಂಥ ಬಾಯಿ ಚುಚ್ಚಿ ರಸ ಹೀರುತ್ತದೆ. ನಾನು ಜಾರುಹುಳು ಎಂದು ಕರೆಯುತ್ತೇನೆ, ನಿಮ್ಮೂರಿನಲ್ಲಿ ಬೇರೆ ಹೆಸರಿದ್ದರೆ ಅದನ್ನೇ ಇಟ್ಟುಕೊಳ್ಳಿ. ಇವುಗಳ ಮನೆತನಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಗೆರಿಡೇ. ಲೋಕದಲ್ಲಿ 700ಕ್ಕೂ ಹೆಚ್ಚು ಜಾತಿಗಳಿವೆ.

ಮೊದಲು, ಅದು ಜಾರುಹುಳುವೇ ಹೌದಾ?

ನೀರಿನ ಮೇಲಿರುವುದೆಲ್ಲ ಜಾರುಹುಳು ಅಲ್ಲ. ಕಾಲು ಎಣಿಸಿ. ಎಂಟಿದ್ದರೆ ಜೇಡ. ಆದರೆ ಇಲ್ಲೂ ಒಂದು ಮೋಸ ಇದೆ. ಗಂಡು ಹೆಣ್ಣಿನ ಬೆನ್ನೇರಿ ಬಹಳ ಹೊತ್ತು ಹಾಗೇ ಕುಳಿತಿರುತ್ತದೆ. ದೂರದಿಂದ ನೋಡಿದರೆ ಒಂದೇ ಹುಳುವಿಗೆ ಹತ್ತು ಹನ್ನೆರಡು ಕಾಲು ಇದ್ದ ಹಾಗೆ ಕಾಣುತ್ತದೆ. ನನ್ನ ಮಗಳು ಒಮ್ಮೆ "ಅಪ್ಪಾ, ಹನ್ನೆರಡು ಕಾಲಿನ ಜೇಡ" ಎಂದು ಕೂಗಿದ್ದಳು. ಅವಳ ಎಣಿಕೆ ಸರಿಯಾಗಿಯೇ ಇತ್ತು.

ನೀರ ಮೇಲೆ ಗುಂಪಾಗಿ ಗಿರ್ರನೆ ಸುತ್ತುವ ಮಿರಿಮಿರಿ ಕರಿ ಕಾಳುಗಳು ಜೀರುಂಡೆ ಜಾತಿ. ಅವುಗಳ ಕಾಲು ಮೇಲಿಂದ ಕಾಣುವುದೇ ಇಲ್ಲ. ಕೆಲವು ಹುಳುಗಳು ನೀರಿನ ಕೆಳಗೆ ಅಂಗಾತ ತೇಲುತ್ತಿರುತ್ತವೆ, ದೋಣಿಯ ಹುಟ್ಟಿನಂತೆ ಕಾಲಾಡಿಸುತ್ತವೆ. ಅವೂ ಬೇರೆ. ದಂಡೆಯ ಹುಲ್ಲಿನ ಬುಡದಲ್ಲಿ ಪೊರಕೆ ಕಡ್ಡಿಯಂಥ ಹುಳುವೊಂದು ಹೆಜ್ಜೆ ಅಳೆಯುತ್ತಾ ನಿಧಾನ ನಡೆಯುತ್ತಿದ್ದರೆ ಅದು ಹೈಡ್ರೊಮೆಟ್ರ. ಅದರ ತಲೆ ನೋಡಿ. ಉದ್ದ ಮೂತಿಯ ತುದಿಯಲ್ಲಿ ಇರಬೇಕಾದ ಕಣ್ಣು ಮಧ್ಯದಲ್ಲೆಲ್ಲೋ ಕೂತಿರುತ್ತದೆ. ಒಮ್ಮೆ ನೋಡಿದರೆ ಮತ್ತೆ ಮರೆಯುವುದಿಲ್ಲ.

ನಿಜವಾದ ತಲೆನೋವು ಕೊಡುವುದು ವೀಲಿಡೇ ಮನೆತನದ ಪುಟ್ಟ ಹುಳುಗಳು. ಇವೂ ನೀರ ಮೇಲೆ ಓಡುತ್ತವೆ, ಇವೂ ಆರು ಕಾಲಿನವು, ಇವೂ ತಿಗಣೆಯ ನೆಂಟರು. ವ್ಯತ್ಯಾಸ ಕಾಲು ಹುಟ್ಟುವ ಜಾಗದಲ್ಲಿದೆ. ಜಾರುಹುಳುವಿನ ಮುಂಗಾಲು ಗಿಡ್ಡ, ತಲೆಯ ಹತ್ತಿರ ಇರುತ್ತದೆ. ನಡುಗಾಲು, ಹಿಂಗಾಲು ಎರಡೂ ದೂರ ಹಿಂದೆ ಒಂದರ ಪಕ್ಕ ಒಂದು ಹುಟ್ಟಿರುತ್ತವೆ. ಮುಂಗಾಲು ಕೈ, ನಡುಗಾಲು ಹುಟ್ಟು, ಹಿಂಗಾಲು ಚುಕ್ಕಾಣಿ ಎಂದುಕೊಳ್ಳಿ. ವೀಲಿಡೇ ಹುಳುಗಳಲ್ಲಿ ಮೂರು ಜೊತೆ ಕಾಲೂ ಹೆಚ್ಚುಕಮ್ಮಿ ಸಮ ದೂರದಲ್ಲಿರುತ್ತವೆ, ಗಿಡ್ಡವೂ ಆಗಿರುತ್ತವೆ. ಹಿಂಗಾಲಿನ ತೊಡೆ ಹೊಟ್ಟೆಯ ತುದಿಯನ್ನು ದಾಟಿ ಚೆನ್ನಾಗಿ ಆಚೆ ಹೋದರೆ ಜಾರುಹುಳು. ದಾಟದಿದ್ದರೆ ವೀಲಿಡೇ ಎಂದು ಅನುಮಾನಿಸಿ.

ಯಾವ ನೀರು?

ಈಗ ಅತ್ತೆಯ ಪ್ರಶ್ನೆ. ನಿಂತ ನೀರಾ, ಹರಿಯುವ ನೀರಾ? ಹರಿಯುವುದಾದರೆ ಹುಳು ಇರುವುದು ಸೆಳೆತದ ನಡುವೆಯಾ, ಬಂಡೆಯ ಮರೆಯ ಗುಂಡಿಯಲ್ಲಾ? ಬಿಸಿಲಾ, ನೆರಳಾ? ಸಿಹಿ ನೀರಾ, ಉಪ್ಪಾ? ಇವಿಷ್ಟನ್ನು ಬರೆದುಕೊಳ್ಳದೆ ತೆಗೆದ ಫೋಟೋ ಎಷ್ಟು ಚೆನ್ನಾಗಿದ್ದರೂ ಅರ್ಧ ಸುಳ್ಳು ಹೇಳುತ್ತದೆ.

ಇದಕ್ಕೆ ಕಾರಣ ಇದೆ. ಕೆರೆಯ ಹುಳುವಿಗೆ ತೇಲುವುದು ಗೊತ್ತಿದ್ದರೆ ಸಾಕು. ಕಾಲಿನ ಮೇಲೆ ಸಾವಿರಾರು ಸೂಕ್ಷ್ಮ ರೋಮಗಳಿವೆ, ಆ ರೋಮಗಳಲ್ಲೂ ಇನ್ನೂ ಸಣ್ಣ ಗೀರುಗಳಿವೆ, ಅವುಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಒಂದೇ ಕಾಲು ಹುಳುವಿನ ತೂಕದ 15 ಪಟ್ಟು ಹೊರಬಲ್ಲದು ಎಂದು 2004ರಲ್ಲಿ ಚೀನಾದ ಇಬ್ಬರು ವಿಜ್ಞಾನಿಗಳು ಅಳೆದು ತೋರಿಸಿದರು. ಆದರೆ ಹಳ್ಳದ ಹುಳು ತೇಲಿದರಷ್ಟೇ ಸಾಲದು. ಕ್ಷಣಕ್ಷಣಕ್ಕೂ ನೀರಿಗೆ ಎದುರಾಗಿ ಹುಟ್ಟು ಹಾಕುತ್ತಿರಬೇಕು. ಹುಟ್ಟು ಹಾಕುವುದು ಎಂದದ್ದು ಸುಮ್ನೆ ಅಲಂಕಾರಕ್ಕಲ್ಲ. ನಡುಗಾಲು ನೀರನ್ನು ಹಿಂದಕ್ಕೆ ತಳ್ಳಿದಾಗ ಮೇಲ್ಮೈ ಕೆಳಗೆ ಪುಟ್ಟ ಸುಳಿಗಳು ಏಳುತ್ತವೆ, ಹುಳುವನ್ನು ಮುಂದೆ ನೂಕುವುದು ಆ ಸುಳಿಗಳೇ ಎಂದು ಅಮೆರಿಕದ ತಂಡವೊಂದು 2003ರಲ್ಲಿ ಬಣ್ಣ ಹಾಕಿದ ನೀರಿನಲ್ಲಿ ಕಂಡುಕೊಂಡಿತು. ಬದುಕಿನ ಕೆಲಸವೇ ಬೇರೆಯಾದ್ದರಿಂದ ಮೈಕಟ್ಟೂ ಬೇರೆ.

ಕೆರೆ, ಕಲ್ಯಾಣಿ, ಗದ್ದೆ: ಇಬ್ಬರ ನಡುವಿನ ಗೊಂದಲ

ನಿಂತ ನೀರಿನಲ್ಲಿ ನಿಮಗೆ ಎದುರಾಗುವುದು ಹೆಚ್ಚಾಗಿ ಎರಡು ಹೆಸರು. ಅಕ್ವೇರಿಯಸ್ ಅಡಿಲೈಡಿಸ್ ಮತ್ತು ಲಿಮ್ನೋಗೋನಸ್ ಫೊಸಾರಮ್. (ಮೊದಲ ಪದ ಕುಲದ ಹೆಸರು, ಎರಡೂ ಸೇರಿದರೆ ಜಾತಿಯ ಹೆಸರು.) ಆ್ಯಪ್‌ಗಳು ಎಡವುವುದೂ ಇಲ್ಲೇ. ಮೇಲಿಂದ ತೆಗೆದ ಫೋಟೋದಲ್ಲಿ ಎರಡೂ ಕಪ್ಪು ಕಡ್ಡಿಗೆ ಕಾಲಿಟ್ಟ ಹಾಗೆ ಇರುತ್ತವೆ.

ಗಾತ್ರದಿಂದ ಶುರು ಮಾಡಿ. ಕಾಲು ಬಿಟ್ಟು ಮೈ ಮಾತ್ರ ಅಳೆಯಬೇಕು. ಲಿಮ್ನೋಗೋನಸ್ ಫೊಸಾರಮ್ ಒಂದು ಸೆಂಟಿಮೀಟರಿನ ಆಸುಪಾಸು. ಅಕ್ವೇರಿಯಸ್ ಅದಕ್ಕಿಂತ ಕಾಣುವಷ್ಟು ದೊಡ್ಡದು, ಒಂದೂವರೆ ಸೆಂಟಿಮೀಟರಿನ ಹತ್ತಿರ ಹೋಗುತ್ತದೆ. ಎರಡೂ ಒಂದೇ ಕೆರೆಯಲ್ಲಿದ್ದರೆ ಕಣ್ಣಿಗೇ ಗೊತ್ತಾಗುತ್ತದೆ. ಒಂದೇ ಇದ್ದಾಗ ಗಾತ್ರವನ್ನು ನಂಬಬೇಡಿ, ನೀರ ಮೇಲಿನದು ಯಾವಾಗಲೂ ದೊಡ್ಡದಾಗಿ ಕಾಣುತ್ತದೆ.

ಆಗ ಬೆನ್ನು ನೋಡಿ. ತಲೆಯ ಹಿಂದಿನ ಭಾಗ, ಅಂದರೆ ಹುಳುವಿನ ಹೆಗಲು. ಲಿಮ್ನೋಗೋನಸ್‌ನ ಹೆಗಲು ಎಣ್ಣೆ ಹಚ್ಚಿ ಒರೆಸಿದ ಹಾಗೆ ಹೊಳೆಯುತ್ತದೆ. ಅಲ್ಲೇ ಮುಂದುಗಡೆ ಅಕ್ಕಪಕ್ಕ ಎರಡು ಹಳದಿ ಮಚ್ಚೆ. ಅಕ್ವೇರಿಯಸ್‌ನ ಹೆಗಲಿಗೆ ಹೊಳಪಿಲ್ಲ. ಮಖಮಲ್ ಬಟ್ಟೆಯಂತೆ ಮಾಸಲು, ಕಂದುಗಪ್ಪು. ಬಿಸಿಲು ಓರೆಯಾಗಿ ಬೀಳುವ ಬೆಳಗಿನ ಎಂಟು ಗಂಟೆಗೆ ಹೋದರೆ ಈ ಒಂದು ಗುರುತೇ ಸಾಕು. ಒಂದು ಮಿಂಚುತ್ತದೆ, ಇನ್ನೊಂದು ಮಿಂಚುವುದಿಲ್ಲ.

ಇನ್ನೂ ಅನುಮಾನ ಇದ್ದರೆ ಹಿಂದಿನ ತುದಿ ನೋಡಿ. ಅಕ್ವೇರಿಯಸ್‌ನ ಹೊಟ್ಟೆಯ ಕೊನೆಗೆ ಎರಡೂ ಬದಿಯಲ್ಲಿ ಮುಳ್ಳಿನಂತೆ ಚಾಚಿದ ತುದಿಗಳಿವೆ. ಪಕ್ಕದಿಂದ ತೆಗೆದ ಫೋಟೋದಲ್ಲಿ ಇದು ಚೆನ್ನಾಗಿ ಬರುತ್ತದೆ. ಮೀಸೆಯ ಗುರುತೂ ಇದೆ: ಅಕ್ವೇರಿಯಸ್ ಮೀಸೆಯ ಮೊದಲ ಗೆಣ್ಣು ಮುಂದಿನ ಎರಡು ಗೆಣ್ಣು ಸೇರಿದ್ದಕ್ಕಿಂತ ಉದ್ದ. ಆದರೆ ಇದನ್ನು ಕೆರೆ ದಂಡೆಯಲ್ಲಿ ಕೂತು ನೋಡುತ್ತೇನೆ ಎಂದರೆ ಪ್ಯಾಂಟು ಒದ್ದೆಯಾಗುವುದಷ್ಟೇ ಲಾಭ.

ಜಾಗದಲ್ಲೂ ಇವೆರಡರ ರುಚಿ ಬೇರೆ. ಅಕ್ವೇರಿಯಸ್‌ಗೆ ಬಯಲು ಬೇಕು. ಕೆರೆಯ ತೆರೆದ ನೀರು, ದೇವಸ್ಥಾನದ ಕಲ್ಯಾಣಿ, ನಿಧಾನ ಹರಿಯುವ ಹೊಳೆಯ ಅಗಲ ಜಾಗ. ಲಿಮ್ನೋಗೋನಸ್ ಎಲ್ಲಾದರೂ ಸರಿ ಎನ್ನುವ ಜಾತಿ. 1775ರಲ್ಲಿ ಫ್ಯಾಬ್ರಿಷಿಯಸ್ ಇದಕ್ಕೆ ಹೆಸರಿಟ್ಟಾಗ 'ಫೊಸಾರಮ್' ಎಂದ, ಅಂದರೆ ಕಾಲುವೆಗಳದ್ದು, ಗುಂಡಿಗಳದ್ದು. ಆ ಹೆಸರು ಈಗಲೂ ಸುಳ್ಳಾಗಿಲ್ಲ. ಜಲ್ಲಿ ತೆಗೆದ ಗುಂಡಿ, ರಸ್ತೆ ಪಕ್ಕದ ಮಳೆನೀರು, ಕೃಷಿಹೊಂಡ, ಗದ್ದೆ, ಎಲ್ಲ ಕಡೆ ಇದೆ.

ಗದ್ದೆ ಎಂದಾಗ ಸ್ವಲ್ಪ ನಿಲ್ಲಬೇಕು. ನಾಟಿಯಾಗಿ ತಿಂಗಳಾದ ಗದ್ದೆಯ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಭತ್ತದ ಬುಡವನ್ನು ಒಮ್ಮೆ ತಟ್ಟಿ. ಕಂದು ಜಿಗಿಹುಳು ಇದ್ದರೆ ನೀರಿಗೆ ಉದುರುತ್ತವೆ. ಉದುರಿದ್ದು ಒದ್ದಾಡುತ್ತದೆ, ಸಣ್ಣ ಅಲೆ ಏಳುತ್ತದೆ. ನಾಲ್ಕು ಬುಡ ಆಚೆ ಸುಮ್ಮನಿದ್ದ ಲಿಮ್ನೋಗೋನಸ್ ಆ ಅಲೆ ಕಾಲಿಗೆ ತಾಗಿದ ಕೂಡಲೇ ತಿರುಗುತ್ತದೆ. ಎರಡು ಜಾರು, ಮುಂಗಾಲಲ್ಲಿ ಹಿಡಿತ, ಸೂಜಿ ಇಳಿಯಿತು. ಜಿಗಿಹುಳುವಿಗೆ ಔಷಧಿ ಹೊಡೆಯುವವರು ಈ ಹುಳುವನ್ನೂ ಸೇರಿಸಿ ಕೊಲ್ಲುತ್ತಾರೆ, ಆಮೇಲೆ ಜಿಗಿಹುಳು ಜಾಸ್ತಿಯಾಯಿತು ಎಂದು ಮತ್ತೆ ಹೊಡೆಯುತ್ತಾರೆ. ಗದ್ದೆಯಲ್ಲಿ ಇದರ ಜೊತೆಗೆ ಎಳ್ಳುಕಾಳಿನಷ್ಟು ಪುಟ್ಟ ಹುಳುಗಳು ಗುಂಪಾಗಿ ಓಡಾಡುತ್ತಿದ್ದರೆ ಅವು ಮೈಕ್ರೊವೀಲಿಯ, ಮೊದಲು ಹೇಳಿದ ವೀಲಿಡೇ ಮನೆತನದವು. ಜಾರುಹುಳುವಿನ ಮರಿ ಎಂದು ತಿಳಿಯಬೇಡಿ. ಅವೂ ಉದುರಿದ ಜಿಗಿಹುಳುವನ್ನು ತಿನ್ನುತ್ತವೆ.

ಲಿಮ್ನೋಗೋನಸ್‌ಗೆ ಒಬ್ಬ ತಮ್ಮನೂ ಇದ್ದಾನೆ, ಲಿಮ್ನೋಗೋನಸ್ ನಿಟಿಡಸ್. ಸ್ವಲ್ಪ ಸಣ್ಣದು, ಬಾಕಿ ಅದೇ ಮುಖ. 'ನಿಟಿಡಸ್' ಎಂದರೆ ಹೊಳೆಯುವುದು ಎಂದರ್ಥ, ಆದರೆ ಇಬ್ಬರೂ ಹೊಳೆಯುವುದರಿಂದ ಆ ಹೆಸರಿನಿಂದ ಏನೂ ಉಪಯೋಗ ಇಲ್ಲ. ಖಚಿತವಾಗಿ ಬೇರೆ ಮಾಡಬೇಕೆಂದರೆ ಗಂಡಿನ ಹೊಟ್ಟೆಯ ಕೊನೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಫೋಟೋ ಮಾತ್ರ ಇದ್ದರೆ 'ಲಿಮ್ನೋಗೋನಸ್' ಎಂದು ಬರೆದು ಅಲ್ಲಿಗೇ ನಿಲ್ಲಿಸಿ. ಇನ್ನೊಂದು ಪುಟ್ಟದು ನಿಯೋಗೆರಿಸ್ ಪಾರ್ವುಲಸ್. ಇದರ ಹೆಗಲಲ್ಲಿ ಎರಡು ಮಚ್ಚೆಯ ಬದಲು ನಡುವೆ ಒಂದೇ ಹಳದಿ ಮಚ್ಚೆ ಇರುತ್ತದೆ. ಗಿಡ ಹಬ್ಬಿದ ಕೊಳಗಳಲ್ಲಿ ಹುಡುಕಿ.

ಅದಕ್ಕೂ ಸಣ್ಣದು, ಅರ್ಧ ಸೆಂಟಿಮೀಟರೂ ಇಲ್ಲದ ಬೂದುಗಪ್ಪು ಹುಳು ತೆರೆದ ಕೊಳದಲ್ಲಿ ಹಿಂಡು ಹಿಂಡಾಗಿ ಕಂಡರೆ ರಾಗಡೋಟಾರ್ಸಸ್ ಇರಬಹುದು. ಇದರ ಗಂಡು ತೇಲುವ ಎಲೆಯೋ ಕಡ್ಡಿಯೋ ಹಿಡಿದು ಕಾಲಿನಿಂದ ನೀರಿಗೆ ತಾಳ ಹಾಕುತ್ತದೆ. ಆ ಅಲೆಗಳೇ ಹೆಣ್ಣಿಗೆ ಕರೆಯೋಲೆ. ಸ್ಟಿಮ್ಸನ್ ವಿಲ್ಕಾಕ್ಸ್ ಎಂಬ ವಿಜ್ಞಾನಿ 1972ರಲ್ಲಿ ಈ ಕುಲದ ಹುಳುಗಳನ್ನೇ ನೋಡಿ, ಇವು ಅಲೆಯ ಭಾಷೆಯಲ್ಲಿ ಮಾತಾಡುತ್ತವೆ ಎಂದು ಬರೆದರು. ಗಾಳಿಯಿಲ್ಲದ ಬೆಳಿಗ್ಗೆ ಕೊಳದ ಒಂದೇ ಜಾಗದಿಂದ ಉಂಗುರದ ಮೇಲೆ ಉಂಗುರ ಏಳುತ್ತಿದ್ದರೆ, ಮೀನು ಎಂದುಕೊಂಡು ಮುಂದೆ ಹೋಗಬೇಡಿ.

ಹಳ್ಳದ್ದು ಬೇರೆಯೇ ಲೋಕ

ಪಶ್ಚಿಮಘಟ್ಟದ ಹಳ್ಳದಲ್ಲಿ, ದಕ್ಷಿಣ ಕನ್ನಡದವರ ತೋಡಿನಲ್ಲಿ, ಸೆಳೆತದ ಮೇಲೆ ಇದ್ದಲ್ಲೇ ನಿಂತಿರುವ ದೊಡ್ಡ ಹುಳು ಕಂಡರೆ ಮೊದಲು ಟಿಲೊಮೆರ ಎಂದು ಊಹಿಸಿ. ದಕ್ಷಿಣ ಭಾರತದ ಬೆಟ್ಟದ ಹಳ್ಳಗಳಲ್ಲಿ ಸಾಮಾನ್ಯವಾಗಿ ಕಾಣುವುದು ಟಿಲೊಮೆರ ಅಗ್ರಿಯೋಡಿಸ್. ನಾನು ಗೆರಿಸ್ ಎಂದು ಬರೆದುಕೊಂಡದ್ದು ಇದನ್ನೇ.

ಈಗ ನೆನೆಸಿಕೊಂಡರೆ ನಗು ಬರುತ್ತದೆ, ಏಕೆಂದರೆ ಇದನ್ನು ಇನ್ನೊಂದರ ಜೊತೆ ಅದಲುಬದಲು ಮಾಡುವುದೇ ಕಷ್ಟ. ಮೈ ಸುಮಾರು ಒಂದೂವರೆ ಸೆಂಟಿಮೀಟರು, ಆದರೆ ಕಾಲು ಚಾಚಿದರೆ ಅಂಗೈಯಷ್ಟು ಜಾಗ ಹಿಡಿಯುತ್ತದೆ. ಬಣ್ಣ ಕಪ್ಪಲ್ಲ, ಹಳದಿ ಬೆರೆತ ಕಂದು, ಮೈಮೇಲೆ ಉದ್ದುದ್ದ ಕಪ್ಪು ಗೆರೆ. ಗ್ರೀಕಿನಲ್ಲಿ 'ಟಿಲೊಮೆರ' ಎಂದರೆ ಗರಿತೊಡೆ. ಗಂಡಿನ ನಡುಗಾಲಿಗೆ ಉದ್ದ ರೋಮದ ಅಂಚು ಇರುತ್ತದೆ, ಸೀರೆಯ ಕುಚ್ಚಿನ ಹಾಗೆ. ಗುಂಪಾಗಿ, ಎಲ್ಲವೂ ನೀರು ಬರುವ ದಿಕ್ಕಿಗೇ ಮುಖ ಮಾಡಿ ನಿಲ್ಲುತ್ತವೆ. ನೀರು ಹಿಂದಕ್ಕೆ ಎಳೆಯುತ್ತದೆ, ಒಂದು ಹುಟ್ಟು ಹಾಕಿ ಮತ್ತೆ ಜಾಗಕ್ಕೆ ಬರುತ್ತವೆ. ಮತ್ತೆ ಎಳೆತ, ಮತ್ತೆ ಹುಟ್ಟು. ಮೇಲಿನಿಂದ ತೇಲಿ ಬರುವ ಇರುವೆ, ನೊಣ ಎಲ್ಲ ಅವುಗಳ ಬಾಯಿಗೇ ಬರುತ್ತದೆ. ಬಫೆ ಊಟದ ಸಾಲಿನಲ್ಲಿ ನಾವು ನಡೆಯುತ್ತೇವೆ, ಇಲ್ಲಿ ಊಟವೇ ನಡೆದು ಬರುತ್ತದೆ.

ನೆರಳು ಬಿದ್ದರೆ ಸಾಕು, ಹಾರಿದಂತೆ ಓಡುತ್ತವೆ. ಫೋಟೋಗೆ ನಿಲ್ಲುವುದಿಲ್ಲ. ಬಂಡೆ ಮೇಲೆ ಹತ್ತು ನಿಮಿಷ ಅಲುಗಾಡದೆ ಕೂತರೆ ತಾವಾಗಿ ವಾಪಸ್ ಬಂದು ಅದೇ ಜಾಗ ಹಿಡಿಯುತ್ತವೆ.

ಅದೇ ಹಳ್ಳದಲ್ಲಿ ಎರಡು ಮಾರು ಆಚೆ, ಬಂಡೆಯ ಮರೆಯಲ್ಲಿ ನೀರು ಸುಸ್ತಾಗಿ ನಿಂತ ನೆರಳಿನ ಗುಂಡಿ ಇರುತ್ತದಲ್ಲ, ಅಲ್ಲಿ ನೋಡಿ. ಕಡ್ಡಿಯಂಥ ಮೈ ಇಲ್ಲ, ಗುಂಡಗೆ, ಉದ್ದಿನ ಕಾಳಿಗಿಂತ ಸ್ವಲ್ಪ ದೊಡ್ಡದು. ಹಳದಿ ಮೈಮೇಲೆ ಕಪ್ಪು ಚಿತ್ತಾರ, ಯಕ್ಷಗಾನದ ಮುಖವರ್ಣಿಕೆ ಹಾಗೆ. ಇದು ಮೆಟ್ರೊಕೋರಿಸ್. ಗಂಡಿನ ಮುಂಗಾಲ ತೊಡೆ ಪೈಲ್ವಾನನ ತೋಳಿನಂತೆ ದಪ್ಪ. ಪಶ್ಚಿಮಘಟ್ಟದಲ್ಲಿ ಇದರ ಜಾತಿಗಳು ಒಂದಕ್ಕಿಂತ ಹೆಚ್ಚಿವೆ. 'ಮಲಬಾರಿಕಸ್' ಎಂಬ ಹೆಸರಿನದೂ ಇದೆ. ಚಿತ್ತಾರ ನೋಡಿ ಜಾತಿ ಹೇಳುವ ಧೈರ್ಯ ನನಗಿಲ್ಲ, ನೀವೂ ಮಾಡಬೇಡಿ. ಮೆಟ್ರೊಕೋರಿಸ್ ಎಂದರೆ ಸಾಕು.

ಹಾಗಾದರೆ ಸೆಳೆತದಲ್ಲೇ ಇರುವ ಆದರೆ ಪುಟ್ಟದಾದ ಕಪ್ಪು ಹುಳು? ಗುಂಪಾಗಿ ಅಂಕುಡೊಂಕಾಗಿ ಓಡುತ್ತಿದ್ದರೆ ಅದು ರಾಗೋವೀಲಿಯ, ಜಾರುಹುಳು ಅಲ್ಲ, ವೀಲಿಡೇ. ಆದರೆ ಇದನ್ನು ಬಿಟ್ಟುಹೋಗಲು ಮನಸ್ಸು ಬರುವುದಿಲ್ಲ. ಇದರ ನಡುಗಾಲಿನ ಪಾದದಲ್ಲಿ ಒಂದು ಬೀಸಣಿಗೆ ಮಡಚಿ ಇಟ್ಟಿರುತ್ತದೆ. ನೀರಿಗೆ ಇಳಿದರೆ ಬಿಚ್ಚಿಕೊಳ್ಳುತ್ತದೆ, ಮೇಲೆತ್ತಿದರೆ ಮುಚ್ಚಿಕೊಳ್ಳುತ್ತದೆ. ಈ ಬೀಸಣಿಗೆಯ ಹಿಂದಿರುವ ಒಂದು ಜೀನ್‌ಗೆ 2017ರಲ್ಲಿ ವಿಜ್ಞಾನಿಗಳು 'ಗೈಶಾ' ಎಂದು ಹೆಸರಿಟ್ಟರು, ಜಪಾನಿನ ಬೀಸಣಿಗೆ ಹಿಡಿದ ನರ್ತಕಿಯರ ನೆನಪಿಗೆ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಅಗಲ ಹೊಳೆಯ ನಿಧಾನ ನೀರಿನಲ್ಲಿ ಎರಡು ಸೆಂಟಿಮೀಟರಿನ ಆಸುಪಾಸು, ಪೆನ್ಸಿಲ್ ಸೀಸದಂತೆ ಸಪೂರ ಮೈ ಕಂಡರೆ ಸಿಲಿಂಡ್ರೊಸ್ಟೀಥಸ್ ಪ್ರೊಡಕ್ಟಸ್. ಕಾಡಿನ ನೆರಳಿನ ಗುಂಡಿಗಳಲ್ಲಿ ತೆಳು ಕಂದು ಮೈ, ದಾರದಂಥ ಕಾಲಿನದು ಲಿಮ್ನೋಮೆಟ್ರ ಫ್ಲುವಿಯೋರಮ್ ಇರಬಹುದು. ನೀರೇ ಇಲ್ಲ, ಬಂಡೆ ಮೇಲೆ ನೀರು ಜಿನುಗುತ್ತಿದೆ, ಅದರ ಮೇಲೆ ಓಡುತ್ತಿದೆ ಎಂದರೆ ಒನಿಕೊಟ್ರೆಕಸ್. ಅಬ್ಬಿಯ ಪಕ್ಕದ ಒದ್ದೆ ಗೋಡೆಗಳನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಉಪ್ಪು ನೀರಿನವು

ಕೀಟಗಳಿಗೆ ಸಮುದ್ರ ಒಗ್ಗುವುದಿಲ್ಲ. ನಡುಗಡಲಿನಲ್ಲಿ ಬದುಕು ಕಟ್ಟಿಕೊಂಡ ಕೀಟ ಎಂದರೆ ಈ ಜಾರುಹುಳುಗಳ ಮನೆತನದ ಹ್ಯಾಲೊಬೇಟಿಸ್ ಮಾತ್ರ. 40ಕ್ಕೂ ಹೆಚ್ಚು ಜಾತಿಗಳಲ್ಲಿ ಐದು ಮಾತ್ರ ತೆರೆದ ಸಾಗರದವು, ಉಳಿದವು ದಡದ ಹತ್ತಿರದವು. ಐದರಲ್ಲಿ ಮೈಕಾನ್ಸ್ ಮತ್ತು ಜರ್ಮಾನಸ್ ಹಿಂದೂ ಮಹಾಸಾಗರದಲ್ಲಿವೆ. ರಷ್ಯಾದ ಹಡಗಿನಲ್ಲಿ ಲೋಕ ಸುತ್ತಿದ ಎಷ್‌ಶೋಲ್ಟ್ಸ್ 1822ರಲ್ಲಿ ಈ ಕುಲಕ್ಕೆ ಹೆಸರಿಟ್ಟ.

ಗುರುತು ಸುಲಭ. ಅರ್ಧ ಸೆಂಟಿಮೀಟರಿನ ಗುಂಡು ಮೈ, ಬೆಳ್ಳಿ ಬೂದು ಬಣ್ಣ, ರೆಕ್ಕೆ ಎಂಬುದು ಯಾವತ್ತೂ ಇಲ್ಲ. ಮೊಟ್ಟೆಯಿಡಲು ತೇಲುವುದು ಏನಾದರೂ ಬೇಕು. ಹಕ್ಕಿಯ ಗರಿ, ಮರದ ತುಂಡು, ಈಗ ಪ್ಲಾಸ್ಟಿಕ್ಕೂ ಆದೀತು. ದಡದ ಜಾತಿಗಳನ್ನು ಅಳಿವೆಗಳಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನೆರಳಿನಲ್ಲಿ ಹುಡುಕಬೇಕು. ದೋಣಿಯಲ್ಲಿ ಕೂತಾಗ ಎಲ್ಲರೂ ಹಕ್ಕಿ ನೋಡುತ್ತಾರೆ, ನೀವು ನೀರು ನೋಡಿ. ಮೆಟ್ರೊಕೋರಿಸ್ ಕೂಡ ಗುಂಡಗಿದೆ, ಗೊಂದಲ ಆಗುವುದಿಲ್ಲವೇ ಎಂದರೆ, ಇಲ್ಲ. ಒಂದು ಬೆಟ್ಟದ ನೆರಳಿನದು, ಇನ್ನೊಂದು ಉಪ್ಪಿನದು.

ರೆಕ್ಕೆ ನೋಡಿ ಮೋಸ ಹೋಗಬೇಡಿ

ಹೊಸಬರು ಮಾಡುವ ದೊಡ್ಡ ತಪ್ಪು ಇದು. ರೆಕ್ಕೆ ಇದ್ದದ್ದು ಒಂದು ಜಾತಿ, ಇಲ್ಲದ್ದು ಇನ್ನೊಂದು ಜಾತಿ ಎಂದು ಬರೆದುಕೊಳ್ಳುವುದು. ಒಂದೇ ಜಾತಿಯಲ್ಲಿ, ಒಂದೇ ಕೆರೆಯಲ್ಲಿ ಉದ್ದ ರೆಕ್ಕೆಯವು, ಗಿಡ್ಡ ರೆಕ್ಕೆಯವು, ರೆಕ್ಕೆಯೇ ಇಲ್ಲದವು ಒಟ್ಟಿಗೆ ಇರಬಹುದು. ಬೇಸಿಗೆಗೆ ಬತ್ತುವ ಗುಂಡಿಯ ಹುಳುವಿಗೆ ಹಾರುವ ದಾರಿ ಬೇಕು, ವರ್ಷವಿಡೀ ಹರಿಯುವ ಹಳ್ಳದ್ದಕ್ಕೆ ಅಷ್ಟು ಬೇಡ. ಟಿಲೊಮೆರದಲ್ಲಿ ರೆಕ್ಕೆಯಿರುವುದು ಸಿಗುವುದೇ ಅಪರೂಪ. ಲಿಮ್ನೋಗೋನಸ್ ನಿನ್ನೆ ತೋಡಿದ ಕೃಷಿಹೊಂಡಕ್ಕೂ ಹಾರಿ ಬಂದು ಸೇರುತ್ತದೆ.

ಹಾಗೆಯೇ ರೆಕ್ಕೆ ಇಲ್ಲ ಎಂದ ಮಾತ್ರಕ್ಕೆ ಮರಿ ಅಲ್ಲ. ಮರಿ ಐದು ಸಲ ಪೊರೆ ಕಳಚಿ ದೊಡ್ಡದಾಗುತ್ತದೆ. ಪಾದದಲ್ಲಿ ಒಂದೇ ಗೆಣ್ಣು ಇದ್ದರೆ ಮರಿ, ಎರಡಿದ್ದರೆ ಬೆಳೆದದ್ದು. ಇದಕ್ಕೆ ಲೆನ್ಸ್ ಬೇಕು. ಲೆನ್ಸ್ ಇಲ್ಲದಿದ್ದರೆ ಗುಂಪಿನ ಅತಿ ದೊಡ್ಡ ನಾಲ್ಕನ್ನು ಮಾತ್ರ ನೋಡಿ, ಉಳಿದವನ್ನು ಬಿಟ್ಟುಬಿಡಿ. ಮರಿಗಳ ಜಾತಿ ಹೇಳಲು ಹೋಗಿ ನಾನು ಹಾಳುಮಾಡಿದ ಭಾನುವಾರಗಳಿಗೆ ಲೆಕ್ಕ ಇಲ್ಲ.

ಹಿಡಿಯೋದಾ, ಫೋಟೋ ಸಾಕಾ?

ಕುಲದ ಹೆಸರಿನವರೆಗೆ ಹೋಗಲು ಫೋಟೋ ಸಾಕು, ಆದರೆ ಒಂದಲ್ಲ, ಮೂರು ಬೇಕು. ಮೇಲಿಂದ ಒಂದು, ನೀರಿನ ಮಟ್ಟಕ್ಕೆ ಫೋನ್ ಇಳಿಸಿ ಪಕ್ಕದಿಂದ ಒಂದು, ಮೂರನೆಯದು ಜಾಗದ್ದು. ಆ ಮೂರನೆಯದನ್ನೇ ಎಲ್ಲರೂ ಮರೆಯುವುದು. ಬಿಸಿಲಿದ್ದು ನೀರು ಮೊಣಕಾಲಿಗಿಂತ ಕಡಿಮೆ ಇದ್ದರೆ ಹುಳುವನ್ನು ಬಿಟ್ಟು ತಳ ನೋಡಿ. ಕಾಲೂರಿದ ಕಡೆಯಲ್ಲೆಲ್ಲ ನೀರು ಕುಳಿಬಿದ್ದು ತಳದ ಮರಳಲ್ಲಿ ಕಪ್ಪು ಮೊಟ್ಟೆಯಾಕಾರದ ನೆರಳು, ಸುತ್ತ ಬೆಳಕಿನ ಅಂಚು. ಹುಳು ಎಷ್ಟು ಅಗಲಕ್ಕೆ ಕಾಲು ಚಾಚಿದೆ ಎನ್ನುವುದು ಆ ನೆರಳಲ್ಲಿ ಹುಳುವಿಗಿಂತ ಸ್ಪಷ್ಟ.

ಅಳತೆ ಬೇಕೆಂದರೆ ಹಿಡಿಯಲೇಬೇಕು. ಟೀ ಸೋಸುವ ಜರಡಿಗೆ ಉದ್ದ ಕೋಲು ಕಟ್ಟಿ. ಐಸ್‌ಕ್ರೀಮಿನ ಬಿಳಿ ಡಬ್ಬಿಯಲ್ಲಿ ಒಂದು ಬೆರಳು ನೀರು ಹಾಕಿ, ಮಕ್ಕಳ ಸ್ಕೇಲ್ ಪಕ್ಕಕ್ಕಿಟ್ಟು ಫೋಟೋ ತೆಗೆದು ಅಲ್ಲೇ ಬಿಟ್ಟುಬಿಡಿ. ಡಬ್ಬಿಯಲ್ಲಿ ಸೋಪಿನ ಅಂಶ ಇರಬಾರದು. ನಾನೊಮ್ಮೆ ಸರಿಯಾಗಿ ತೊಳೆಯದ ಡಬ್ಬಿ ತಂದಿದ್ದೆ. ಅಷ್ಟು ಹೊತ್ತು ಗಾಜಿನ ಮೇಲೆ ನಿಂತ ಹಾಗಿದ್ದ ಹುಳು ಒಂದೇ ಸಲ ಕುಸಿದು ಮುಳುಗಿತು. ಬಟ್ಟೆ ಒಗೆಯುವ ದಂಡೆಯ ಹತ್ತಿರ ಇವು ಬಾರದಿರುವುದು ಯಾಕೆ ಎಂದು ಅವತ್ತು ಹೊಳೆಯಿತು.

ಜಾತಿಯ ಹೆಸರೇ ಬೇಕು ಎನ್ನುವವರು ಮಾತ್ರ ಮುಂದಿನ ದಾರಿ ಹಿಡಿಯಬೇಕು. ಮೈಕ್ರೋಸ್ಕೋಪು, ತಜ್ಞರು, ಪಟ್ಟಿ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಜಿ. ತಿರುಮಲೈ 2002ರಲ್ಲಿ ಭಾರತದ ಇಂಥ ಹುಳುಗಳ ಪಟ್ಟಿ ಮಾಡಿದ್ದಾರೆ. ಆ್ಯಪ್ ಕೊಟ್ಟ ಹೆಸರು ಅಂಥ ಪಟ್ಟಿಯಲ್ಲಿ ಇಲ್ಲವೇ ಇಲ್ಲ ಎಂದರೆ ಅದನ್ನು ಅಳಿಸಲು ಹಿಂಜರಿಯಬೇಡಿ. ಹೊರದೇಶದಲ್ಲಿರುವ ಕನ್ನಡಿಗರು ಇದನ್ನು ತಿರುಗುಮುರುಗು ಮಾಡಿ ಓದಿಕೊಳ್ಳಿ. ಇಂಗ್ಲೆಂಡಿನ ಕೊಳದ ಪಕ್ಕ ಇದ್ದರೆ ಗೆರಿಸ್ ಲಕಸ್ಟ್ರಿಸ್ ಸರಿಯಾದ ಊಹೆಯೇ. ಅಮೆರಿಕದಲ್ಲಿ ತೊರೆಯ ಮೇಲೆ ಕಂಡರೆ ಅಕ್ವೇರಿಯಸ್ ರೆಮಿಜಿಸ್ ಎಂದು ಶುರು ಮಾಡಬಹುದು.

ಹೋದ ತಿಂಗಳು ಮತ್ತೆ ಅತ್ತೆಯ ಮನೆಗೆ ಹೋಗಿದ್ದೆ. ಈ ಸಲ ಮೊದಲು ಬಾವಿಗೆ ಇಣುಕಿದೆ. ಕೊಡಪಾನ ಇಳಿಸಿ ಮೂರು ಸಲ ಎತ್ತಿದ ಮೇಲೆ ಒಂದು ಹುಳು ನೀರಿನ ಜೊತೆ ಬಂತು. ಹೊಳೆಯುವ ಕರಿ ಹೆಗಲು, ಅಕ್ಕಪಕ್ಕ ಎರಡು ಹಳದಿ ಮಚ್ಚೆ, ಸ್ಕೇಲಿನಲ್ಲಿ ಏಳು ಮಿಲಿಮೀಟರು. 'ಲಿಮ್ನೋಗೋನಸ್, ನಿಟಿಡಸ್ ಇರಬಹುದು, ಬಾವಿ, ನೆರಳು' ಎಂದು ಬರೆದುಕೊಂಡೆ. ಅತ್ತೆ ಹಿಂದಿನಿಂದ ಬಗ್ಗಿ ನೋಡಿ, ಏನು ಬರೆದೆ ಎಂದು ಕೇಳಿದರು. ಓದಿ ಹೇಳಿದೆ.

"ನಾ ಹೇಳಿದ್ದೂ ಅದೇ ಅಲ್ವಾ," ಎಂದರು. "ಬಾವಿ ಹುಳ."